ಅಂಚಿಲ್ಲದ ಜೇಕು

ಕೆಲಸದ ನಡುವೆ ಈಗಲೂ ಒಮ್ಮೊಮ್ಮೆ ಆ ಸದ್ದು ಕೇಳುತ್ತದೆ. ಒದ್ದೆ ಬಟ್ಟೆ ಹರಿದಂಥ ಸದ್ದು, ಅಷ್ಟೇ. ಆವತ್ತು ತಲೆ ಎತ್ತಿ ನೋಡಿದರೆ ಮೇಡಂ ಎದೆಮಟ್ಟ ಕೆರೆಯೊಳಗಿದ್ದರು.

ಮೇಡಂ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯವರು. ಧಾರವಾಡದಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಲೆ ಮಗಳ ಜೊತೆಗಿರಲು ಮಹದೇವಪುರಕ್ಕೆ ಬಂದವರು. ಭಾನುವಾರ ಬೆಳಿಗ್ಗೆ ಟೆಕ್ ಪಾರ್ಕಿನ ಹಿಂದಿನ ಕೆರೆಗೆ ನನ್ನನ್ನು ಕರೆದೊಯ್ಯುತ್ತಿದ್ದರು. ನನಗೋ ಹಸಿರಾಗಿದ್ದುದೆಲ್ಲ ಹುಲ್ಲೇ. ಮೊದಲ ದಿನ ಕಣ್ಣು ಮುಚ್ಚಿಸಿ ಕೈಗೊಂದು ದಂಟು ಕೊಟ್ಟರು.

"ಬೆರಳಾಗ ಹೊರಳಿಸಿ ನೋಡು ತಂಗಿ. ಏನ್ ಹತ್ತತೈತಿ?"

"ಮೂರು ಅಂಚು, ಮೇಡಂ!"

"ಹಂಗಿದ್ರ ಜೇಕು. ಇದಕ್ಕ ಹುಲ್ಲು ಅಂದ್ರ ಸಿಟ್ಟ ಬರತೈತಿ."

ಕೊನ್ನಾರಿ ಎಂಬ ಜೇಕಿನ ಘಮದ ಗಡ್ಡೆಯನ್ನು ಉಗುರಲ್ಲಿ ಕೆರೆದು ಮೂಸುವುದನ್ನು ಕಲಿಸಿದರು. ಫುಟ್‌ಪಾತಿನ ಕಲ್ಲುಗಳ ಸಂದಿಯಲ್ಲಿ ಬಿಳಿ ಗುಂಡಿಯಂಥ ಹೂತಲೆ ಹೊತ್ತ ಇನ್ನೊಂದು ಜೇಕು ತೋರಿಸಲು, ಸೆಕ್ಯುರಿಟಿಯವರು ನೋಡುತ್ತಿದ್ದರೂ, ರಸ್ತೆಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತರು.

ಆ ಸದ್ದು ಕೇಳಿದ ಭಾನುವಾರ ದಡದಿಂದ ಸ್ವಲ್ಪ ಒಳಗೆ ಹಸಿರು ದಂಟುಗಳ ಒಂದು ಹೊಸ ಗುಂಪು ಕಂಡಿತು. ಅಷ್ಟು ದಟ್ಟವಾಗಿ ನಿಂತಿವೆಯೆಂದರೆ ಕೆಳಗೆ ಕೆಸರಾದರೂ ಇರುತ್ತದೆಂದು ನಂಬಿ ಮೇಡಂ ಕಾಲಿಟ್ಟರು. ಕೆಸರಿರಲಿಲ್ಲ. ಕೊಳೆತ ಅಂತರಗಂಗೆ ಚಾಪೆಯಂತೆ ನೀರ ಮೇಲೆ ತೇಲುತ್ತಿತ್ತು. ದಂಟುಗಳು ಬೇರು ಬಿಟ್ಟದ್ದು ಅದರಲ್ಲಿ. ಅವರ ಭಾರಕ್ಕೆ ಆ ಚಾಪೆ ಹರಿಯಿತು.

ನಾನು ಓಡಿದೆ.

"ನೀ ಬರಬ್ಯಾಡ!" ತರಗತಿಯ ದನಿ. "ಅಲ್ಲೇ ಬೋರಲ ಮಲಕೋ. ದುಪಟ್ಟಾ ಒಗಿ."

ಮೊದಲ ಸಲ ಎಸೆದದ್ದು ಅವರನ್ನು ಮುಟ್ಟಲಿಲ್ಲ. ನೀರು ಭುಜಕ್ಕೆ ಬಂದಿತ್ತು. ಎರಡನೆಯ ಸಲ ತುದಿ ಸಿಕ್ಕಿತು. ಮಣಿಕಟ್ಟಿಗೆ ಸುತ್ತಿಕೊಂಡು, ಎದೆಯನ್ನು ಆ ಚಾಪೆಯ ಮೇಲೆ ಚಪ್ಪಟೆಯಾಗಿ ಒರಗಿಸಿದರು. "ಈಗ ಜಗ್ಗು. ಸಾವಕಾಶ." ಎಳೆದೆ. ಇಷ್ಟಿಷ್ಟೇ ಜಾರುತ್ತಾ ದಡಕ್ಕೆ ಬಂದರು.

ಕುತ್ತಿಗೆಯವರೆಗೂ ಕಪ್ಪು ಕೊಳೆ. ಚಪ್ಪಲಿ ಕೆರೆ ಪಾಲು. ಹಲ್ಲು ಕಟಕಟಿಸುತ್ತಿದ್ದುದು ಮಾತ್ರ ನನ್ನದು. ಅವರು ಎಡಗೈ ಮುಷ್ಟಿ ಬಿಚ್ಚಿದರೆ ಅದರಲ್ಲಿ ನಾಲ್ಕಾರು ದಂಟು!

"ಇದ್ಯಾವುದು, ಹೇಳು."

"ಈಗ್ಲಾ ಮೇಡಂ? ಆಟೋ ಕರೀತೀನಿ, ಆಸ್ಪತ್ರೆಗೆ ಹೋಗೋಣ!"

"ಮೊದಲ ಹೇಳು. ಆಮ್ಯಾಲ ಆಟೋ."

ಹೊರಳಿಸಿದೆ. ಅಂಚೇ ಇಲ್ಲ, ದುಂಡಗಿತ್ತು. "ಹುಲ್ಲು," ಎಂದೆ.

"ಹುಲ್ಲಿಗೆ ಗೆಣ್ಣ ಇರತಾವ. ಹುಡುಕು."

ಬುಡದಿಂದ ತುದಿಯವರೆಗೆ ಉಗುರು ಓಡಿಸಿದೆ. ನಡುಗುವ ಕೈ ನಂಬಲಾಗದೆ ಇನ್ನೊಮ್ಮೆ, ನಿಧಾನವಾಗಿ. ನುಣ್ಣಗೆ, ಒಂದೇ ಒಂದು ಗೆಣ್ಣಿಲ್ಲ. ಮೇಲೆಲ್ಲೋ ದಂಟಿನ ಪಕ್ಕದಿಂದ ಕಂದು ಹೂಗೊಂಚಲು ಹೊರಟಿತ್ತು.

"ಗೆಣ್ಣಿಲ್ಲ. ಎಲೆನೂ ಇಲ್ಲ. ಹಾಗಾದ್ರೆ... ಜೇಕೇನಾ?"

"ಜೇಕ! ಎಲ್ಲಾ ಜೇಕಿಗೂ ಅಂಚ ಇರೂದಿಲ್ಲ." ಅವರು ದಂಟನ್ನಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದರು. "ನಡುಕ ನಿಂತತಿಲ್ಲೋ? ಈಗ ಕರಿ ಆಟೋ. ಈ ಅವತಾರ ನೋಡಿ ಯಾವಾಂವ ಹತ್ತಿಸ್ಕೊಂತಾನೋ ನೋಡೂಣು."