ಬಲಕ್ಕೆ ತಿರುಗದ ಕುತ್ತಿಗೆ

ಹದಿನೈದು ದಿನ ನಾನು ಪ್ರಪಂಚದ ಎಡಭಾಗವನ್ನು ಮಾತ್ರ ಕಂಡವನು. ಬಲಕ್ಕೆ ತಿರುಗಿದರೆ ಕುತ್ತಿಗೆಯಿಂದ ಹೆಗಲಿನವರೆಗೆ ಯಾರೋ ಹಗ್ಗ ಬಿಗಿದು ಎಳೆದಂತಾಗುತ್ತಿತ್ತು. ಇದು ಅಂದಾಜಿನ ಮಾತಲ್ಲ, ಡೈರಿಯಲ್ಲಿದೆ: ಸೋಮವಾರ ಏಳು ಸಲ, ಮಂಗಳವಾರ ಹದಿಮೂರು, ಬುಧವಾರ ಎಣಿಕೆ ತಪ್ಪಿತು.

ಕಾರಣವೂ ಗೊತ್ತಿತ್ತು. ಗುಲ್ವಾಡಿ ಕಡೆಯ ಶಾಲೆಯೊಂದರಲ್ಲಿ ನಾನು ಹಂಗಾಮಿ ಮಾಸ್ತರ. ಆ ತಿಂಗಳು ಯಾವ ದಿನ ಬೇಕಾದರೂ ಇನ್ಸ್‌ಪೆಕ್ಟರು ಬರಬಹುದೆಂದು ಕಾಗದ ಬಂದಿತ್ತು. ಅವರು ಮೆಚ್ಚಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ನನ್ನ ತರಗತಿಯಲ್ಲಿ ಹುಡುಗರು ಎಡಕ್ಕೆ, ಹುಡುಗಿಯರು ಬಲಕ್ಕೆ. ಅರ್ಧ ತರಗತಿಯನ್ನು ನೋಡದೆಯೇ ಪಾಠ ಮಾಡುವವನ ಬಗ್ಗೆ ಅವರು ಏನು ಬರೆದಾರು? ಈ ಯೋಚನೆ ಬಂದಾಗೆಲ್ಲ ಕುತ್ತಿಗೆ ಬಿಗಿಯುತ್ತಿತ್ತು, ಬಿಗಿದಷ್ಟೂ ಯೋಚನೆ ಹೆಚ್ಚುತ್ತಿತ್ತು.

ನಮ್ಮ ಭಾಷೆಯೂ ಕುತ್ತಿಗೆಗೆ ಕರುಣೆ ತೋರಿಸಿಲ್ಲ. ಬೇಡದ ಕೆಲಸವನ್ನು ಅದಕ್ಕೇ ಕಟ್ಟುತ್ತೇವೆ, ಬಂದ ಕಷ್ಟ ಅದರವರೆಗೇ ಬರುತ್ತದೆ. ಕೀರ್ತಿ ಬಂದರೆ ಮಾತ್ರ ಕಿರೀಟ ತಲೆಗೆ.

ಕುಂದಾಪುರದ ಡಾಕ್ಟರು ಒತ್ತಿ ನೋಡಿ, ಮೂಳೆ ಸರಿ ಇದೆ, ಇದು ಯೋಚನೆಯ ನೋವು ಎಂದು ವ್ಯಾಯಾಮ ಕಲಿಸುವವರೊಬ್ಬರ ಬಳಿಗೆ ಕಳಿಸಿದರು. ಅವರು ಕಲಿಸಿದ್ದು ಸರಳ: ಬಿಸಿನೀರಿನ ಬಟ್ಟೆ ಇಡುವುದು, ಹೆಗಲನ್ನು ಕಿವಿಯತ್ತ ಎತ್ತಿ ಐದು ಎಣಿಸಿ ಇಳಿಸುವುದು, ನೋಯದಷ್ಟು ತಲೆ ತಿರುಗಿಸುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನಾನು ಮೂವತ್ತರ ಬದಲು ಅರುವತ್ತು ಮಾಡಿದೆ. ನೋವೂ ಹಾಗೆಯೇ ಇಮ್ಮಡಿಯಾಯಿತು.

ಹನ್ನೊಂದನೆಯ ದಿನ ಶಾಲೆಗೆಂದು ಹೊಳೆ ದಾಟುವ ಕಡವಿನ ದೋಣಿಯಲ್ಲಿ ಕುಳಿತು ಹೆಗಲು ಎತ್ತುತ್ತಿದ್ದೆ. ಮೀನು ಮಾರುವ ಮುತ್ತಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿದಳು. ಪಕ್ಕದಲ್ಲಿದ್ದವರಿಬ್ಬರು ಎದ್ದು ಕೈಜೋಡಿಸಿ ಬುಟ್ಟಿ ಇಳಿಸಿದರು. ಯಾರ ಬುಟ್ಟಿ, ಯಾರ ಕೈ ಎಂದು ಕೇಳುವ ಪದ್ಧತಿ ಆ ದೋಣಿಯಲ್ಲಿಲ್ಲ.

“ಹ್ವಾಯ್ ಮಾಷ್ಟ್ರೇ, ಎಂತ ಮಾಡ್ತ್ರಿ? ಚಳಿಯಾ?”

“ವ್ಯಾಯಾಮ. ಐವತ್ತೆರಡು ಆಯಿತು.”

“ಎತ್ತಿದ್ದ್ ಐವತ್ತೆರ್ಡ್ ಸರಿ. ಇಳ್ಸಿದ್ದ್ ಒಂದೂ ಕಾಣ್ಲಿಲ್ಲ ನಂಗೆ!”

ದೋಣಿಯವರೆಲ್ಲ ನಕ್ಕರು. ನೋಡಿಕೊಂಡೆ. ಹೆಗಲು ಇನ್ನೂ ಕಿವಿಯ ಹತ್ತಿರವೇ ಇತ್ತು. ಡೈರಿಯಲ್ಲೂ ಎತ್ತಿದ್ದಕ್ಕಷ್ಟೇ ಗೀಟು.

ಮುಜುಗರ ಮರೆಸಲು, “ಬುಟ್ಟಿಯನ್ನು ನೀವೊಬ್ಬರೇ ಇಳಿಸಲಾಗದೆ?” ಎಂದೆ.

“ಹೊರುಕೆ ಒಬ್ಳೇ ಸಾಕ್, ಇಳ್ಸುಕೆ ಇನ್ನೊಬ್ರ್ ಬೇಕ್. ಒಬ್ಳೇ ಇಳ್ಸುಕ್ ಹೋರೆ ಮೀನ್ ಹೊಳಿಗೆ, ಕುತ್ಗಿ ಆಸ್ಪತ್ರಿಗೆ!”

ದೋಣಿ ಇಳಿದವನೇ ಮುಖ್ಯೋಪಾಧ್ಯಾಯ ಶೆಟ್ಟರ ಮುಂದೆ ನಿಂತೆ. ಇಷ್ಟು ದಿನ ಅವರಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ: ಬಲಕ್ಕೆ ತಿರುಗಲಾಗುವುದಿಲ್ಲ, ಇನ್ಸ್‌ಪೆಕ್ಟರೆಂದರೆ ಎದೆ ನಡುಗುತ್ತದೆ, ಈ ಕೆಲಸ ಹೋದರೆ ಬೇರೆ ದಾರಿಯಿಲ್ಲ.

ಶೆಟ್ಟರು ಕನ್ನಡಕ ತೆಗೆದರು. “ಅಷ್ಟೇಯಾ ಮಾರಾಯ್ರೆ! ಹೆಣ್ಮಕ್ಳ್ ಬದಿಗ್ ಕಣ್ಣೆತ್ತಿ ಕಾಂಬುದಿಲ್ಲ, ಬಾರೀ ಸಂಭಾವಿತ ಅಂದೇಳಿ ಊರೇ ಹೊಗಳ್ತಿತ್ತ್. ನನ್ನ ತಂಗಿ ಮಗ್ಳಿಗೆ ನಿಮ್ಮನ್ನೇ ಕೇಂಬುದಾ ಅಂದ್ ನಾನೂ ಎಣ್ಸಿದ್ದೆ!”

ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಅವರು ನನ್ನ ಹಿಂದೆ ನಿಂತು ಹೆಗಲ ಮೇಲೆ ಕೈಯಿಡುತ್ತಿದ್ದರು. ನಾನು ಎತ್ತುವುದು, ಅವರು ಹೇಳುವುದು: “ಇಳ್ಸಿ. ಇನ್ನೂ ಇಳ್ಸಿ. ಇನ್ಸ್‌ಪೆಕ್ಟರ್ ಇನ್ನೂ ಹೆಗ್ಲ್ ಮೇಲೇ ಇದ್ರ್.” ಹತ್ತೇ ಸಲ, ಹನ್ನೊಂದಕ್ಕೆ ಬಿಡುತ್ತಿರಲಿಲ್ಲ. ಐದನೆಯ ದಿನಕ್ಕೆ ಕುತ್ತಿಗೆ ಕಿಟಕಿಯವರೆಗೆ ತಿರುಗಿತು. ಹುಡುಗಿಯರ ಬೆಂಚು ಕಿಟಕಿಗಿಂತ ಇನ್ನೂ ಬಲಕ್ಕೆ.

ಆರನೆಯ ದಿನ ಇನ್ಸ್‌ಪೆಕ್ಟರು ಬಂದೇ ಬಿಟ್ಟರು. ಹಿಂದಿನ ಬೆಂಚಿನಲ್ಲಿ ಅವರು, ಅವರ ಪಕ್ಕ ಶೆಟ್ಟರು. ನಾನು ಪ್ರಶ್ನೆ ಕೇಳಿದೆ. ಎಡಗಡೆ ಒಂದು ಕೈಯೂ ಏಳಲಿಲ್ಲ. ಬಲತುದಿಯಲ್ಲಿ ಬಳೆ ಸದ್ದಾಯಿತು. ಶೆಟ್ಟರು ನನ್ನನ್ನೇ ನೋಡುತ್ತ ಮೆಲ್ಲಗೆ ತಮ್ಮ ಹೆಗಲು ಇಳಿಸಿದರು. ನಾನೂ ಇಳಿಸಿದೆ, ತಿರುಗಿದೆ. ಹಗ್ಗ ಒಮ್ಮೆ ಜಗ್ಗಿತು, ಸಡಿಲವಾಯಿತು. ಕೈಯೆತ್ತಿದ ಹುಡುಗಿಯ ಇಡೀ ಮುಖ ಕಂಡಿತು. ಅವಳು ಹೇಳಿದ ಉತ್ತರ ತಪ್ಪು. ತಪ್ಪು ಉತ್ತರವನ್ನು ಅಷ್ಟು ಸಂತೋಷದಿಂದ ಕೇಳಿದ ಮಾಸ್ತರ ಇನ್ನೊಬ್ಬನಿರಲಾರ.

ವರದಿ ಎರಡೇ ವಾಕ್ಯ. “ಕಾಯಂ ಮಾಡಬಹುದು. ಪಾಠದ ನಡುವೆ ಭುಜ ಹಾರಿಸುವ ಅಭ್ಯಾಸವನ್ನು ತಿದ್ದಿಕೊಳ್ಳತಕ್ಕದ್ದು.”

ತಿದ್ದಿಕೊಂಡಿಲ್ಲ. ಕಾಯಂ ಆದದ್ದು ಕೆಲಸ ಮಾತ್ರ, ಕುತ್ತಿಗೆಯಲ್ಲ. ಇನ್ಸ್‌ಪೆಕ್ಟರು ವರ್ಷವರ್ಷವೂ ಬರುತ್ತಾರೆ.