ಅವ್ವನ ಸಿನಿಮಾ ಚಾನಲ್

ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ, ಕನ್ನಡ ಮನೆಮಾತಿನ ನಮ್ಮ ತವರುಮನೆಯಲ್ಲಿ ಮುಂದೆ ಪವರ್‌ಲೂಮ್, ಹಿಂದೆ ಅಡುಗೆಮನೆ. ಮಗ್ಗ ಓಡುವಾಗ ಗಂಟಲು ಹರಿಯುವಂತೆ ಕೂಗಿದರೂ ಪ್ರಯೋಜನವಿಲ್ಲ. ತುಟಿ ನೋಡಿಯೇ ಮಾತು ತಿಳಿಯಬೇಕು. ನೇಯುವವರಿಗೆಲ್ಲ ಅದು ರೂಢಿ. ಅವ್ವ ಆ ಸದ್ದಿನಲ್ಲೇ ಮುದುಕಿಯಾದಳು, ಕಿವಿ ಪೂರ್ತಿ ಹೋಯಿತು. ಎದುರಿಗೆ ಕೂತು ಮಾತಾಡಿದರೆ ಮಾತ್ರ ಒಂದಕ್ಷರ ಬಿಡುತ್ತಿರಲಿಲ್ಲ. ಹಾಗೆ ಕೂರುವವರು ಯಾರಿದ್ದರು ಹೇಳಿ? ಎಲ್ಲರ ಮುಖವೂ ಮೊಬೈಲಿನೊಳಗೆ.

ಅವಳಿಗೆ ಉಳಿದದ್ದು ಒಂದು ಸಿನಿಮಾ ಚಾನಲ್. ಸಿಲೋನು, ಮಲೇಷ್ಯಾ, ಸಿಂಗಪುರಕ್ಕೂ ಅದೇ ಹೋಗುತ್ತಿತ್ತು. ಯಾವ ದೇಶದಲ್ಲಿ ಎಷ್ಟು ಗಂಟೆಗೆ ಎಂದು ಪರದೆಯ ಕೆಳಗೆ ಬರುತ್ತಿತ್ತು. ಮಧ್ಯಾಹ್ನ ತಮಿಳಿಗೆ ಡಬ್ ಮಾಡಿದ ಕನ್ನಡ ಸಿನಿಮಾ ಹಾಕುತ್ತಿದ್ದರು. ಅಷ್ಟು ದೇಶದವರೂ ಕೇಳುತ್ತಿದ್ದದ್ದು ತಮಿಳು, ನಾವೂ ಅಷ್ಟೇ. ಅವ್ವನೊಬ್ಬಳು ನಟರ ತುಟಿ ನೋಡಿ ಕನ್ನಡದಲ್ಲೇ ತಿಳಿದುಕೊಳ್ಳುತ್ತಿದ್ದಳು! ನಾನು ಅನ್ನೂರಿನ ಗಂಡನ ಮನೆಯಿಂದ ಬಂದಾಗಲೆಲ್ಲ, "ಬಾರೇ, ಸಿನಿಮಾ ಪಡ ಹಾಕವ್ರೆ. ಇವ ಸುಳ್ಳು ಹೇಳ್ತಾವ್ನೆ, ಬಾಯಿ ನೋಡು" ಎಂದು ಪಕ್ಕಕ್ಕೆ ಕೂರಿಸಿಕೊಂಡು ನಗುತ್ತಿದ್ದಳು. ಆ ನಗು ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಮೊನ್ನೆ ಮೊನ್ನೆ ಅಣ್ಣನಿಗೆ ಕ್ರಿಕೆಟ್ ಚಾನಲ್ ಬೇಕಾಯಿತು. ಅದಕ್ಕಾಗಿ ಈ ಸಿನಿಮಾ ಚಾನಲನ್ನು ತೆಗೆಸುತ್ತೇನೆಂದು ಹಟ ಹಿಡಿದ.

"ಅವ್ವ ನೋಡ್ತಾಳಲ್ಲಣ್ಣಾ" ಎಂದು ನಾನು ರೇಗಿದೆ.

ಅವನು ಅವ್ವನ ಎದುರಿಗೇ ಕೂತಿದ್ದ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದ ಗಂಡಸು. ಆದರೂ ದನಿಯನ್ನಷ್ಟೇ ತಗ್ಗಿಸಿದ, ಮುಖ ತಿರುಗಿಸಲಿಲ್ಲ.

"ಕಿವಿನೇ ಕೇಳದ ಮುದುಕಿಗೆ ಪಡ ಎದಕ್ಕೆ? ಸುಮ್ನೆ ಗೋಡೆ ನೋಡ್ಕೊಂಡು ಬಿದ್ದಿರ್ಲಿ."

ಅವ್ವನ ಕಣ್ಣು ಅವನ ಬಾಯಿಯ ಮೇಲೇ ಇತ್ತು. ಅವಳು ರಿಮೋಟನ್ನು ಅವನ ಕಡೆಗೆ ತಳ್ಳಿ, "ತಕ್ಕೊಳಪ್ಪಾ" ಎಂದು ಎದ್ದು ಒಳಗೆ ಹೋದಳು. ಅವನು ಖುಷಿಯಿಂದ ಆವತ್ತೇ ಚಾನಲ್ ತೆಗೆಸಿದ.

ಪಾಪಿ! ತಾನು ಏನು ಮಾಡಿದೆನೆಂದು ಅವನಿಗೆ ಇವತ್ತಿಗೂ ಹೊಳೆದಿಲ್ಲ. ನಾನಂತೂ ಅದನ್ನು ಮರೆಯಲಾರೆ, ಕ್ಷಮಿಸಲಾರೆ. ಫೋನು ಮಾಡಿದರೆ, "ಅವ್ವನಿಗೆ ಈಗ ಕಣ್ಣೂ ಮಂಜಾಗಿದೆ ಅನ್ಸುತ್ತೆ. ನಾ ಏನ್ ಕೇಳಿದ್ರೂ ಬದಲು ಮಾತೇ ಇಲ್ಲ" ಎಂದು ನನ್ನ ಹತ್ತಿರವೇ ದೂರುತ್ತಾನೆ.

ಅವಳ ಕಣ್ಣಿಗೆ ಏನೂ ಆಗಿಲ್ಲ. ಅವನು ಬಾಯಿ ತೆರೆದರೆ ಅವಳು ನೆಲ ನೋಡುತ್ತಾಳೆ.