ಕರೆಂಟು ಸರಿಪಡಿಸಿದ ಪುಟ

ಮೇಜಿನ ಕೆಳಗಿನ ಯುಪಿಎಸ್ ಈಗಷ್ಟೇ ಕೀ ಕೀ ಎಂದು ಕೂಗತೊಡಗಿತು. ಬುದ್ಧಿಯುಳ್ಳವರು ಈ ಸದ್ದಿಗೆ ಬರೆದದ್ದನ್ನು ಉಳಿಸಿಕೊಳ್ಳಲು ಧಾವಿಸುತ್ತಾರೆ. ನಾನು ಮಾತ್ರ ನೆನಪಿನಲ್ಲೇ ಕೊಪ್ಪದ ಬಸ್ ನಿಲ್ದಾಣದೆದುರಿನ ಸತೀಶಣ್ಣನ ಸೈಬರ್ ಕೆಫೆಗೆ ಹೋಗಿ ಕೂರುತ್ತೇನೆ.

ಆಗ ನಾನು ವಿಶ್ವವಿದ್ಯಾಲಯದಿಂದ ಹೊರಬಿದ್ದ ಹೊಸತು. ಲೋಕದ ಪ್ರತಿಯೊಂದಕ್ಕೂ ಯಾರಾದರೊಬ್ಬರು ಉತ್ತರ ಹೇಳಲೇಬೇಕೆಂದು ನಂಬಿದ್ದೆ; ಈಗಲೂ ನಂಬುತ್ತೇನೆನ್ನಿ. ರಿಯಾಯಿತಿ ಪಾಸಿನ ಕಾಲೇಜು ಹುಡುಗಿಯರನ್ನು ಕಂಡರೆ ಹರಿಹರಪುರದ ಸಂಜೆಯ ಬಸ್ಸು ನಿಲ್ಲುತ್ತಿರಲಿಲ್ಲ. ಅವರ ಅರ್ಜಿಗಳು ಎಲ್ಲೋ ಕರಗಿಹೋಗುತ್ತಿದ್ದವು. ಹಾಗಾಗಿ, ದೂರು ಬರೆದೊಡನೆ ಎಲ್ಲರಿಗೂ ಕಾಣುವ ವೆಬ್ ಪುಟವೊಂದನ್ನು ಕಟ್ಟಿದೆ. ಅದನ್ನು ನೋಡಲು ಸಾರಿಗೆಯ ಅಧಿಕಾರಿಯೊಬ್ಬರು ಒಂದು ದಿನ ಮಧ್ಯಾಹ್ನ ಕೆಫೆಗೆ ಬರಲೊಪ್ಪಿದ್ದರು.

ಪುಟ ನಡೆಯಲು ಪಿಎಚ್‌ಪಿ ಎಂಬ ತಂತ್ರಾಂಶ ಬೇಕು. ಅಂದು ಬೆಳಿಗ್ಗೆ ಅದನ್ನು ಸಿ.ಡಿ.ಯಿಂದ ಹಾಕಿದೆ. ತೆರೆದರೆ, ದೂರಿನ ಫಾರಂ ಬದಲು ನಾನು ಬರೆದ ಪ್ರೋಗ್ರಾಮೇ ಹಸಿಹಸಿಯಾಗಿ ಪರದೆ ತುಂಬಿತು. ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ತಿದ್ದಿದೆ, ಇನ್ನೊಂದನ್ನು ಸೇರಿಸಿದೆ, ಸ್ಲ್ಯಾಶ್ ಎಂಬ ಓರೆಗೀಟುಗಳನ್ನು ಹಿಂದುಮುಂದಾಗಿ ತಿರುಗಿಸಿದೆ, ಫೈಲುಗಳನ್ನು ವಿಂಡೋಸ್ ಫೋಲ್ಡರಿಗೆ ಸಾಗಿಸಿದೆ. ಏನೂ ಬದಲಾಗಲಿಲ್ಲ.

"ಎಂತ ಮಾರಾಯ, ದೂರು ಕೇಳಿದ್ರೆ ಮಂತ್ರ ಹೇಳ್ತಿದೆಯಲ್ಲ ಇದು!" ಎಂದ ಸತೀಶಣ್ಣ.

"ಸಿ.ಡಿ. ಮಾರಿದವರು ಉತ್ತರ ಹೇಳಬೇಕು!"

"ಅವ್ರು ಶಿವಮೊಗ್ಗದಲ್ಲಿದಾರೆ. ನೀನು ಮೊದ್ಲು ಕಾಫಿ ಕುಡಿ."

ಅಧಿಕಾರಿ ಮೆಟ್ಟಿಲೇರುವಾಗಲೇ ಕರೆಂಟು ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಅತ್ತು ಪ್ರಾಣ ಬಿಟ್ಟಿತು. ಕರೆಂಟು ಮರಳಿದಾಗ ನಾಚಿಕೆಯಿಂದಲೇ ಪುಟ ತೆರೆದೆ. ಫಾರಂ ಬಂದಿತ್ತು! ಪಾಸಿನ ಹುಡುಗಿಯರ ಪರವಾಗಿ ಬಂದು ಕಾದಿದ್ದ ಸುಮಿತ್ರ ಮುಂದೆ ಬಂದು, "ನಿನ್ನೆ ಬಸ್ಸು ನಿಲ್ಲಲಿಲ್ಲ, ನಡೆದೇ ಹೋದೆವು" ಎಂದು ಬರೆದಳು. ಪರದೆಯ ಮೇಲೆ ಅದು ಸ್ಪಷ್ಟವಾಗಿ ಮೂಡಿತು.

"ಹ್ಯಾಗೆ ಸರಿಯಾಯ್ತು?" ಅಧಿಕಾರಿ ಕೇಳಿದರು.

"ಗೊತ್ತಿಲ್ಲ ಸರ್."

"ನಾವು ಹೀಗಂದ್ರೆ ನೀವು ಬಿಡ್ತೀರೇನ್ರೀ?"

ನನ್ನ ನೆರವಿಗೆ ಬಂದವಳು ಸುಮಿತ್ರ. "ನಮ್ಗೆ ಬಸ್ ನಿಂತ್ರೆ ಸಾಕು ಸರ್. ಯಾಕೆ ನಿಲ್ತು ಅಂತ ಕೇಳಲ್ಲ."

ಸೋಮವಾರ ಬಸ್ಸು ನಿಂತಿತು.

ಕಂಪ್ಯೂಟರಿನೊಳಗೆ ಕೂತು ಪುಟವನ್ನು ಬಡಿಸುವ ಸರ್ವರ್ ಎಂಬ ಪ್ರಾಣಿ ತನ್ನ ಸೆಟ್ಟಿಂಗನ್ನು ಓದುವುದು ಎದ್ದೇಳುವಾಗ ಮಾತ್ರವೆಂದು ಅನಂತರ ತಿಳಿಯಿತು. ನಾನು ತಿದ್ದುತ್ತಲೇ ಇದ್ದೆ. ಅದನ್ನು ಮಲಗಿಸಿ ಎಬ್ಬಿಸಿದ್ದು ಕರೆಂಟು. ಸರಿ, ಆದರೆ ಅಷ್ಟು ತಿದ್ದುಪಡಿಗಳಲ್ಲಿ ಫಲಿಸಿದ್ದು ಯಾವುದು? ಬಸ್ಸನ್ನು ನಿಲ್ಲಿಸಿದ್ದು ಸುಮಿತ್ರಳ ದೂರೋ, ಅಧಿಕಾರಿಯ ಮಾತೋ, ಡ್ರೈವರನ ಮರ್ಜಿಯೋ? ಯಾರೂ ಹೇಳಲಿಲ್ಲ. ಕೆಲವು ತಿಂಗಳಲ್ಲಿ ಬಸ್ಸು ಮತ್ತೆ ನಿಲ್ಲದಾಯಿತು. ಏನನ್ನು ಪುನಃ ಮಾಡಬೇಕೆಂದು ನಮಗಾರಿಗೂ ತಿಳಿಯದು. ಸುಮಿತ್ರ ಫೋನಿನಲ್ಲಿ ಮೆಲ್ಲಗೆ ಹೇಳಿದ್ದಳು: "ಅವತ್ತು ಯಾಕೆ ನಿಲ್ತು ಅಂತ ಕೇಳ್ಬೇಕಿತ್ತು."

ಈಗ ನನ್ನ ಮೇಜಿನ ಕೆಳಗಿನ ಯುಪಿಎಸ್ ಸುಮ್ಮನಾಯಿತು, ಕರೆಂಟು ಬಂದಿದೆ. ಹೇಗೂ ಬಂತಲ್ಲ ಎಂದು ಮನೆಯವರು ನಗುತ್ತಿದ್ದಾರೆ. ಯಾಕೆ ಹೋಗಿತ್ತೆಂದು ವಿದ್ಯುತ್ ಕಚೇರಿಯವರನ್ನು ಕೇಳಲು ನಾನು ಫೋನು ಕೈಗೆತ್ತಿಕೊಂಡಿದ್ದೇನೆ.